ಹಳೇ ಸ್ಪೀಕರ್ ರಿಪೇರಿ: ಒಂದನ್ನು ಬಿಚ್ಚಿ, ಇನ್ನೊಂದನ್ನು ಹಾಗೇ ಬಿಡಿ

ಅಪ್ಪನ ಕಾಲದ ದೊಡ್ಡ ಸ್ಪೀಕರ್ ಜೋಡಿ ನಿಮ್ಮ ಅಟ್ಟದ ಮೇಲೂ ಇರಬಹುದು. ಹಾಕಿ ಕೇಳಿದರೆ ಬಾಸ್ ಪಟಪಟ ಅನ್ನುತ್ತದೆ, ಹಾಡುವವರ ದನಿ ಕಂಬಳಿಯೊಳಗಿಂದ ಬಂದ ಹಾಗಿರುತ್ತದೆ. ಗುಜರಿಗೆ ಹಾಕಬೇಡಿ. ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕೆಡುವುದು ಎರಡೇ ಭಾಗ: ವೂಫರ್ (ಬಾಸ್ ನುಡಿಸುವ ದೊಡ್ಡ ಸ್ಪೀಕರ್) ಸುತ್ತಲಿನ ಫೋಮ್ ಅಂಚು ಮತ್ತು ಸದ್ದನ್ನು ವೂಫರ್, ಟ್ವೀಟರ್‌ಗಳಿಗೆ ಹಂಚಲು ಒಳಗಿರುವ ಕೆಪಾಸಿಟರ್‌ಗಳು. ಎರಡನ್ನೂ ಮನೆಯಲ್ಲೇ ಬದಲಿಸಬಹುದು.

ಮೊದಲು ತಪಾಸಣೆ

ಮುಂದಿನ ಜಾಲರಿ ತೆಗೆದು ಫೋಮ್ ಅಂಚನ್ನು ಬೆರಳಿಂದ ಮೆಲ್ಲಗೆ ಮುಟ್ಟಿ. ಪುಡಿಪುಡಿಯಾದರೆ ಅದರ ಆಯಸ್ಸು ಮುಗಿದಿದೆ. ಫೋಮ್ ಸಾಮಾನ್ಯವಾಗಿ 15–20 ವರ್ಷಕ್ಕೆ ಕರಗುತ್ತದೆ, ಕರಾವಳಿಯಂಥ ತೇವದ ಹವೆಯಲ್ಲಿ ಇನ್ನೂ ಬೇಗ. ರಬ್ಬರ್ ಅಥವಾ ಬಟ್ಟೆಯ ಅಂಚಾದರೆ ಅದರ ತಂಟೆಗೆ ಹೋಗಬೇಡಿ, ಅವು ಬಹಳ ಕಾಲ ಬಾಳುತ್ತವೆ.

ವೂಫರ್ ಹೊರತೆಗೆಯುವ ಮುಂಚೆ ಯಾವ ವೈರು ಎಲ್ಲಿತ್ತು ಎಂದು ಗುರುತು ಹಾಕಿ, ಒಂದು ಫೋಟೋ ಕೂಡ ತೆಗೆಯಿರಿ. ವೈರು ಕಳಚಿದ ಮೇಲೆ ವೂಫರ್‌ಗೆ ಮಲ್ಟಿಮೀಟರ್ ಇಟ್ಟು ಓಮ್ ಅಳೆಯಿರಿ. 8 ಓಮ್ ಎಂದು ಬರೆದ ವೂಫರ್ ಸುಮಾರು 5.5ರಿಂದ 7 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ಸುರುಳಿ (ಕಾಯಿಲ್) ತುಂಡಾಗಿದೆ, ಅದು ರಿವೈಂಡಿಂಗ್ ಮಾಡುವವರ ಕೆಲಸ.

ಟ್ವೀಟರ್ (ತೀಕ್ಷ್ಣ ಸ್ವರ ನುಡಿಸುವ ಚಿಕ್ಕ ಸ್ಪೀಕರ್) ಸತ್ತಿದೆ ಎನ್ನುವ ಮುಂಚೆ ಪೆಟ್ಟಿಗೆಯ ಹಿಂಬದಿಯಲ್ಲಿ ಅದರ ಸದ್ದು ಹೆಚ್ಚು ಕಡಿಮೆ ಮಾಡುವ ತಿರುಗಣೆಗಳನ್ನು ನೋಡಿ. 1967ರಲ್ಲಿ ಬಂದ, ಅಮೆರಿಕದ ಎಆರ್ (ಅಕೌಸ್ಟಿಕ್ ರಿಸರ್ಚ್) ಕಂಪನಿಯ ಎಆರ್-3ಎ ಸ್ಪೀಕರ್‌ನಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ತಿರುಗಣೆಯೊಳಗೆ ಕಿಲುಬು ಕಟ್ಟಿ ಟ್ವೀಟರ್ ಮೂಕವಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಎಷ್ಟೋ ಸಲ ಅಷ್ಟೇ ಸಾಕು.

ಫೋಮ್ ಕೂರಿಸುವುದು

ಫೋಮ್ ಮಾತ್ರ ಎರಡೂ ಪೆಟ್ಟಿಗೆಯಲ್ಲಿ ಬದಲಿಸಲೇಬೇಕು. ಅಂಗಡಿಗೆ ಹೋಗಿ ಸುಮ್ನೆ 'ಹತ್ತು ಇಂಚಿನದು ಕೊಡಿ' ಅನ್ನಬೇಡಿ. ಕೋನ್‌ನ (ವೂಫರ್‌ನಲ್ಲಿ ಹಿಂದೆ ಮುಂದೆ ಆಡುವ ಶಂಕು) ಅಗಲ, ಚೌಕಟ್ಟಿನ ಅಗಲ ಎರಡನ್ನೂ ಮಿಲಿಮೀಟರ್‌ನಲ್ಲಿ ಅಳೆದುಕೊಂಡು ಹೋಗಿ.

ಹಳೇ ಫೋಮ್, ಹಳೇ ಗೋಂದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಸಾವಧಾನವಾಗಿ ಕೆರೆಯಿರಿ. ಈ ಕೆಲಸವೇ ಜಾಸ್ತಿ ಹೊತ್ತು ಹಿಡಿಯುವುದು, ಅವಸರ ಮಾಡಿದರೆ ಕೋನ್ ಹರಿಯುತ್ತದೆ. ಅಂಟಿಸಲು ನಿಧಾನ ಒಣಗುವ ಬಿಳಿ ಗೋಂದು ಒಳ್ಳೆಯದು. ತಕ್ಷಣ ಹಿಡಿಯುವ ಗಮ್ ಬೇಡ, ಅದು ಸರಿಪಡಿಸಲು ಸಮಯವನ್ನೇ ಕೊಡುವುದಿಲ್ಲ.

ಮೊದಲು ಫೋಮನ್ನು ಕೋನ್‌ಗೆ ಅಂಟಿಸಿ ಒಣಗಲು ಬಿಡಿ. ಆಮೇಲೆ ಚೌಕಟ್ಟಿಗೆ. ಕೋನ್ ನಟ್ಟ ನಡುವೆ ಕೂರಬೇಕು. ಅದಕ್ಕೊಂದು ಉಪಾಯವಿದೆ: ಫೋನಿನ ಟೋನ್ ಆ್ಯಪ್‌ನಿಂದ 30 ಹರ್ಟ್ಸ್ ಸದ್ದನ್ನು ಆಂಪ್ಲಿಫೈಯರ್ ಮೂಲಕ ಬಹಳ ಸಣ್ಣಗೆ ವೂಫರ್‌ಗೆ ಕೊಡಿ. ಕೋನ್ ನಿಶ್ಶಬ್ದವಾಗಿ ಹಿಂದೆ ಮುಂದೆ ಆಡಿದರೆ ಸರಿಯಾಗಿದೆ. ಕರಕರ ಸದ್ದು ಬಂದರೆ ಗೋಂದು ಹಸಿ ಇರುವಾಗಲೇ ಅತ್ತಿತ್ತ ಸರಿಸಿ. ಸರಿಹೋದ ಮೇಲೆ ಸುತ್ತಲೂ ಬಟ್ಟೆ ಕ್ಲಿಪ್ ಹಾಕಿ ಒಂದು ದಿನ ಮುಟ್ಟಬೇಡಿ.

ತೂತಿಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ವೂಫರ್ ಸುತ್ತ ಗಾಳಿ ಸೋರಬಾರದು. ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್ ಕಂಪನಿ ಶುರು ಮಾಡಿದ್ದೇ ಈ ನಂಬಿಕೆಯ ಮೇಲೆ: ಒಳಗೆ ಸಿಕ್ಕಿಕೊಂಡ ಗಾಳಿಯೇ ಕೋನ್‌ಗೆ ಸ್ಪ್ರಿಂಗ್. ಗಾಳಿ ಸೋರಿದರೆ ಬಾಸ್ ಕೂಡ ಸೋರಿದಂತೆಯೇ.

ಕೆಪಾಸಿಟರ್, ಒಂದೇ ಪೆಟ್ಟಿಗೆಗೆ

ಇಲ್ಲಿ ನನ್ನ ಮಾತು ಕೇಳಿ. ಇವತ್ತು ಒಂದೇ ಪೆಟ್ಟಿಗೆಯ ಕೆಪಾಸಿಟರ್ ಬದಲಿಸಿ. ನಿನ್ನೆ ಕೇಳಿದ ದನಿ ಇವತ್ತು ಕಿವಿಯಲ್ಲಿ ಉಳಿದಿರುವುದಿಲ್ಲ. ಇಡೀ ದಿನ ಬೆಸುಗೆ ಹಾಕಿದ ಮೇಲೆ ಎಲ್ಲವೂ ಚೆನ್ನಾಗೇ ಕೇಳಿಸುತ್ತದೆ, ಅಲ್ವಾ? ಹಳೆಯದೊಂದು ಪಕ್ಕದಲ್ಲಿದ್ದರೆ ಮಾತ್ರ ನಿಜ ಗೊತ್ತಾಗುತ್ತದೆ.

ಹಳೇ ಕೆಪಾಸಿಟರ್ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಂಕಿಯನ್ನೇ ತನ್ನಿ, ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಬೆಂಗಳೂರಿನ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಂಥ ಕಡೆ ಕೇಳುವಾಗ 'ಬೈಪೋಲಾರ್' ಅಥವಾ 'ಎನ್‌ಪಿ' ಎಂದು ಒತ್ತಿ ಹೇಳಿ. ಪ್ಲಸ್ ಮೈನಸ್ ಗುರುತಿರುವ ಮಾಮೂಲಿ ಕೆಪಾಸಿಟರ್ ಇಲ್ಲಿ ನಡೆಯುವುದಿಲ್ಲ. ಫಿಲ್ಮ್ ಕೆಪಾಸಿಟರ್ (ತೆಳು ಪ್ಲಾಸ್ಟಿಕ್ ಹಾಳೆಯದು) ದುಬಾರಿ, ದಪ್ಪ, ಆದರೆ ಬಾಳಿಕೆ ಹೆಚ್ಚು. ಅದರ ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವುದರಿಂದ ಟ್ವೀಟರ್ ಸ್ವಲ್ಪ ಚುರುಕಾಗಬಹುದು. ಬಿಚ್ಚಿದ ಹಳೇ ಭಾಗಗಳನ್ನು ಕವರಿಗೆ ಹಾಕಿ ಹೆಸರು ಬರೆದಿಡಿ.

ಹೋಲಿಸಿ ಕೇಳುವುದು

ಎಆರ್ ಕಂಪನಿ 1960ರ ಆಸುಪಾಸಿನಲ್ಲಿ ಸಭಾಂಗಣಗಳಲ್ಲೇ ಹೋಲಿಕೆ ನಡೆಸುತ್ತಿತ್ತು. ವೇದಿಕೆಯ ಮೇಲೆ ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ತಂಡ ನುಡಿಸುತ್ತಿರುವಾಗ ನಡುನಡುವೆ ರೆಕಾರ್ಡಿಂಗ್ ಸ್ಪೀಕರ್‌ನಿಂದ ಬರುತ್ತಿತ್ತು. ಯಾವುದು ಯಾವಾಗ ಎಂದು ಕೇಳುಗರು ಗುರುತಿಸಬೇಕಿತ್ತು. ನಿಮ್ಮ ಹಾಲ್‌ನಲ್ಲಿ ಇಷ್ಟು ಮಾಡಿ.

ಎರಡೂ ಪೆಟ್ಟಿಗೆ ಅಕ್ಕಪಕ್ಕ ಇಡಿ. ಗೋಡೆಯಿಂದ ಸಮ ದೂರ ಇರಲಿ, ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಆಂಪ್ಲಿಫೈಯರ್ ಮೋನೋಗೆ (ಎರಡೂ ಪೆಟ್ಟಿಗೆಗೆ ಒಂದೇ ಸದ್ದು) ಹಾಕಿ, ಬ್ಯಾಲೆನ್ಸ್ ತಿರುಗಿಸಿ ಒಂದೊಂದಾಗಿ ಕೇಳಿ. ಅದಕ್ಕೂ ಮುಂಚೆ ಎರಡರ ಸದ್ದು ಒಂದೇ ಮಟ್ಟದಲ್ಲಿದೆಯೇ ನೋಡಿ. ಪಿಂಕ್ ನಾಯ್ಸ್ (ಒಂದೇ ಸಮನೆ ಸೋ ಎನ್ನುವ ಪರೀಕ್ಷೆಯ ಸದ್ದು) ಹಾಕಿ, ಕೂರುವ ಜಾಗದಲ್ಲಿ ಫೋನಿನ ಸೌಂಡ್ ಮೀಟರ್ ಹಿಡಿಯಿರಿ. ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನೇ ಮೆಚ್ಚುತ್ತದೆ. ನಾಬ್ ತಿರುಗಿಸಲು ಮನೆಯವರನ್ನು ಕೂರಿಸಿ, ನೀವು ಕಣ್ಣು ಮುಚ್ಚಿ ಕೇಳಿ. ಆಮೇಲೆ ಪೆಟ್ಟಿಗೆಗಳ ಜಾಗ ಅದಲು ಬದಲು ಮಾಡಿ ಮತ್ತೆ ಕೇಳಿ, ಏಕೆಂದರೆ ಕೋಣೆಯ ಮೂಲೆಯೂ ದನಿ ಬದಲಿಸುತ್ತದೆ.

ನಾನು ಮೂರು ಕೇಳುತ್ತೇನೆ: ಗಂಡಸು ವಾರ್ತೆ ಓದುವ ದನಿ, ತಂಬೂರಿಯ ಝೇಂಕಾರ, ಮೃದಂಗದ ಎಡಬದಿಯ ಗುಮ್ ಎನ್ನುವ ನಾದ. ಮಾತಿನಲ್ಲಿ ಪೆಟ್ಟಿಗೆಯೊಳಗಿನ ಡೊಳ್ಳುತನ ಬೇಗ ಸಿಕ್ಕಿಬೀಳುತ್ತದೆ. ತಂಬೂರಿ ಟ್ವೀಟರ್‌ನ ಗುಟ್ಟು ಹೇಳುತ್ತದೆ.

ಹೊಸ ಫಿಲ್ಮ್ ಕೆಪಾಸಿಟರ್ ಇರುವ ಪೆಟ್ಟಿಗೆ ಕಿವಿ ಚುಚ್ಚಿದರೆ ಅದರ ಜೊತೆ ಸರಣಿಯಲ್ಲಿ ಅರ್ಧ ಅಥವಾ ಒಂದು ಓಮ್‌ನ, 5 ವಾಟ್ ರೆಸಿಸ್ಟರ್ ಹಾಕಿ ನೋಡಿ. ವ್ಯತ್ಯಾಸವೇ ಸಿಗದಿದ್ದರೆ ಹಳೆಯದು ಇನ್ನೂ ಗಟ್ಟಿಯಾಗಿದೆ ಎಂದರ್ಥ, ದುಡ್ಡು ಉಳಿಯಿತು. ನಿಮ್ಮ ಕಿವಿ ಒಪ್ಪಿದ್ದನ್ನು ನೋಡಿ ಎರಡೂ ಪೆಟ್ಟಿಗೆ ಒಂದೇ ಥರ ಮಾಡಿ.

ಕಡೆಗೆ ಎರಡನ್ನೂ ಅಗಲಿಸಿಟ್ಟು ಮೋನೋದಲ್ಲೇ ಒಂದು ದನಿ ಹಾಕಿ. ಅದು ಎರಡರ ನಡುವೆ ಗಾಳಿಯಲ್ಲಿ ನಿಂತ ಹಾಗೆ ಕೇಳಬೇಕು. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ ಬಾಸ್ ಸೊರಗಿದ್ದರೆ ಒಂದರ ವೈರು ತಿರುವುಮುರುವಾಗಿದೆ. ಆಂಪ್ಲಿಫೈಯರ್ ಆರಿಸಿ ವೈರು ಸರಿಪಡಿಸಿ, ಮತ್ತೆ ಕೇಳಿ. ದನಿ ನಡುವೆ ಬಂದು ನಿಂತಿತೇ? ಜಾಲರಿ ಹಾಕಿ.