ವೀರಗಲ್ಲಿಗೆ ಓರೆ ಬೆಳಕು

ನನ್ನದು ಒಂಬತ್ತು ಸಾವಿರದ ಫೋನು. ಶಿಕಾರಿಪುರ ಸೀಮೆಯ ಕೆರೆ ಏರಿ, ಹಾಳು ಗುಡಿ, ಅಡಿಕೆ ತೋಟ ಅಂತ ಅಲೆದು ವೀರಗಲ್ಲು ದಾಖಲಿಸಲು ಅದೇ ಸಾಕಾಗಿದೆ. ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳಬೇಡಿ, ಬೆಳಕು ಎತ್ತಲಿಂದ ಬೀಳುತ್ತದೆ ನೋಡಿ.

ಎದುರಿನಿಂದ ಬಿದ್ದ ಬೆಳಕು ಸವೆದ ಅಕ್ಷರವನ್ನು ನುಂಗುತ್ತದೆ. ಹಾಗಾಗಿ ಫ್ಲಾಶ್ ಬೇಡವೇ ಬೇಡ. ಹೊತ್ತು ಮುಳುಗಿದ ಮೇಲೆ ಹೋಗಿ. ಫೋನನ್ನು ಟ್ರೈಪಾಡಿನ ಮೇಲೋ ಇಟ್ಟಿಗೆ ಪೇರಿಸಿಯೋ ಅಲುಗಾಡದಂತೆ ನಿಲ್ಲಿಸಿ, ಮೂರು ಸೆಕೆಂಡಿನ ಟೈಮರ್ ಹಾಕಿ. ಟಾರ್ಚನ್ನು ಕಲ್ಲಿನ ಮೈಗೆ ಸವರುವಂತೆ ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹಿಡಿದು ನಾಲ್ಕು ಫೋಟೊ ತೆಗೆಯಿರಿ. ಪಕ್ಕದ ಬೆಳಕಿಗೆ ಉದ್ದಗೆರೆ, ಮೇಲಿನ ಬೆಳಕಿಗೆ ಅಡ್ಡಗೆರೆ ಏಳುತ್ತದೆ. ಒಂದು ಕಲ್ಲಿನ ಬರಹದ ಪಟ್ಟಿಯಲ್ಲಿ ನನಗೆ 'ತುಱುವಂ' ಅಷ್ಟೇ ಸಿಕ್ಕಿತ್ತು. ಟಾರ್ಚ್ ಮೇಲೆತ್ತಿದಾಗ ಮುಂದಿನ 'ಮಗುೞ್ಚಿ' ಮೂಡಿತು: ದನಗಳನ್ನು ಬಿಡಿಸಿ ತಂದು ಸತ್ತವನ ಕಲ್ಲು. ಅಕ್ಷರ ಕಾಣಲಿ ಅಂತ ವಿಭೂತಿ, ಸೀಮೆಸುಣ್ಣ ಬಳಿಯುವ ಚಾಳಿ ಬಿಡಿ. ಧೂಳಿಗೆ ಮೆತ್ತನೆಯ ಒಣ ಬ್ರಷ್ ಸಾಕು.

ಹಲವು ಫೋಟೊ ಜೋಡಿಸಿ ಕಂಪ್ಯೂಟರಿನಲ್ಲಿ ಕಟ್ಟುವ ತ್ರೀಡಿ ಮಾದರಿ ಬೇಕಾದರೆ ಲೆಕ್ಕವೇ ತಿರುವುಮುರುವು. ಮೋಡ ಕವಿದ ದಿನ ಹೋಗಿ, ನೆರಳು ಗಟ್ಟಿಯಾಗಿ ಬೀಳಬಾರದು. ಜೂಮ್ ಮಾಡದೆ ಸುತ್ತು ಬರುತ್ತಾ ಅರವತ್ತು ಎಪ್ಪತ್ತು ಫೋಟೊ ತೆಗೆಯಿರಿ. ಒಂದರಲ್ಲಿ ಕಂಡ ಭಾಗದ ಮೂರರಲ್ಲಿ ಎರಡು ಪಾಲು ಮುಂದಿನದರಲ್ಲೂ ಇರಲಿ. ಪಕ್ಕದಲ್ಲಿ 10 ಸೆಂ.ಮೀ. ಅಳತೆಪಟ್ಟಿ ಇಡಿ. ಮನೆಯಲ್ಲೇ ಮುದ್ರಿಸಿದ್ದಾದರೆ ಸ್ಕೇಲಿಟ್ಟು ಒಮ್ಮೆ ಅಳೆದುಕೊಳ್ಳಿ, ಪ್ರಿಂಟರ್ ಕುಗ್ಗಿಸಿರುತ್ತದೆ.

ಜಿಪಿಎಸ್ ತೋರಿಸುವ ಜಾಗ ಬಯಲಲ್ಲಿ ಮೂರರಿಂದ ಐದು ಮೀಟರ್ ತಪ್ಪಿನ ಒಳಗೆ ನಿಲ್ಲುತ್ತದೆ, ಅಡಿಕೆ ಸೋಗೆಯ ಕೆಳಗೆ ದಿಕ್ಕು ತಪ್ಪುತ್ತದೆ. ಎರಡು ನಿಮಿಷ ಕಾದು, ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಪುಸ್ತಕದಲ್ಲೂ ಬರೆಯಿರಿ. ಬರೆಯದೆ ನಾನು ಕೆಟ್ಟೆ. ನಲವತ್ತು ಕಲ್ಲುಗಳ ಫೋಟೊ ಗೆಳೆಯನಿಗೆ ವಾಟ್ಸ್ಆ್ಯಪ್ ಮಾಡಿದ್ದೆ, ಆಮೇಲೆ ಫೋನು ಗದ್ದೆ ನೀರಿಗೆ ಬಿತ್ತು. ಅವನ ಹತ್ತಿರ ಉಳಿದ ಫೋಟೊಗಳಲ್ಲಿ ಜಾಗದ ಗುರುತೇ ಇಲ್ಲ, ಗಾತ್ರವೂ ಕುಗ್ಗಿತ್ತು. ಮಳೆಗಾಲ ಕಳೆದ ಮೇಲೆ ಎಲ್ಲವನ್ನೂ ಮತ್ತೆ ಹುಡುಕಿ ಹೊರಟೆ. ಈಗ 'ಡಾಕ್ಯುಮೆಂಟ್' ಅಂತಲೇ ಕಳಿಸುತ್ತೇನೆ.

ಹೊಸ ಶಾಸನ ಸಿಕ್ಕಿತು ಅಂತ ಹಿಗ್ಗುವ ಮೊದಲು ರಾಜ್ಯದ ಶಾಸನಗಳನ್ನು ಅಚ್ಚು ಮಾಡಿರುವ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ತೆರೆದು ನೋಡಿ, ನಮ್ಮ ತಾಲ್ಲೂಕಿನವು ಹಳೆಯ 7ನೇ ಸಂಪುಟದಲ್ಲಿವೆ. ಫೇಸ್‌ಬುಕ್ಕಿಗೆ ಹಾಕುವಾಗ ಊರಿನ ಹೆಸರಿಗೇ ನಿಲ್ಲಿಸಿ, ಜಿಪಿಎಸ್ ಅಂಕಿ ಹಾಕಬೇಡಿ. ನಿಧಿಗಳ್ಳರ ಕೈಯಲ್ಲೂ ಫೋನಿದೆ.