ಮಧ್ಯಮವನ್ನು ಅಲ್ಲಾಡಿಸದೆ ನುಡಿಸಿದ್ದು

ವಿಯೆನ್ನಾದಲ್ಲಿ ನಾವು ನಾಲ್ವರು ಪ್ರತಿ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಮೊದಲ ಪಿಟೀಲು ಒಬ್ಬರು ನಿವೃತ್ತ ಟೀಚರ್, ಎರಡನೆಯದು ಡಾಕ್ಟರ್, ದಪ್ಪ ದನಿಯ ದೊಡ್ಡ ವಾದ್ಯ ಚೆಲ್ಲೋ ಒಬ್ಬ ಕಾಲೇಜು ಹುಡುಗ, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ನಾನು. ಯಾರಿಗೂ ಇದು ಹೊಟ್ಟೆಪಾಡಲ್ಲ. ಕಳೆದ ಚಳಿಗಾಲದಲ್ಲಿ ನಮ್ಮ ಮೊದಲ ಕಛೇರಿ ಆಯಿತು. ಚಿಕ್ಕ ಹಾಲ್, 60 ಕುರ್ಚಿ. ಸಂಗೀತ ರಚನಕಾರ ಹೈಡನ್‌ನ ಓಪಸ್ (ಕೃತಿ ಸಂಖ್ಯೆ) 76ರ ಮೂರನೇ ಕ್ವಾರ್ಟೆಟ್, ಅಂದರೆ ನಾಲ್ಕು ವಾದ್ಯಗಳಿಗೆ ಬರೆದ ಕೃತಿ, ಮೊದಲು, ವಿರಾಮದ ನಂತರ ಮೊಜಾರ್ಟ್. ಇಲ್ಲಿ ಹೇಳಬೇಕಿರುವುದು ಹೈಡನ್ ಬಗ್ಗೆ, ಅದರಲ್ಲೂ ಎರಡನೇ ಭಾಗದ ಬಗ್ಗೆ.

1797ರಲ್ಲಿ ಚಕ್ರವರ್ತಿ ಫ್ರಾನ್ಸಿಸ್‌ಗಾಗಿ ಹೈಡನ್ ಒಂದು ಹಾಡಿಗೆ ಮಟ್ಟು ಹಾಕಿದ. ಅದೇ ಮಟ್ಟನ್ನು ಈ ಕ್ವಾರ್ಟೆಟ್‌ಗೂ ತಂದ. ಈಗ ಜರ್ಮನಿಯ ರಾಷ್ಟ್ರಗೀತೆಗೂ ಅದೇ ಮಟ್ಟು. ಪಾಶ್ಚಾತ್ಯರ ಜಿ ಸ್ವರವನ್ನು ಷಡ್ಜ (ಸ) ಮಾಡಿಕೊಂಡರೆ ಮೊದಲ ಸಾಲು ಹೀಗೆ: ಸ ರಿ ಗ ರಿ, ಮ ಗ ರಿ ನಿ ಸ. ಎಲ್ಲವೂ ನಮ್ಮ ಶಂಕರಾಭರಣ ರಾಗದ ಸ್ವರಗಳು. ಮೈಸೂರಿನಲ್ಲಿ ವರ್ಷಗಟ್ಟಲೆ ಕರ್ನಾಟಕ ಪಿಟೀಲು ಕಲಿತವಳಿಗೆ ಇದೇನು ಮಹಾ ಅನ್ನಿಸಿತ್ತು.

ಕಷ್ಟ ಇದ್ದದ್ದೇ ಅಲ್ಲಿ. ಮ, ಅಂದರೆ ಮಧ್ಯಮ (ಇಲ್ಲಿಯವರ ಸಿ), ಬಂದ ಕೂಡಲೆ ನನ್ನ ಬೆರಳು ತಾನಾಗೇ ಅಲ್ಲಾಡುತ್ತಿತ್ತು. ನಮ್ಮಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದದ ಮೇಲೆ ಊರಿ ನುಡಿಸುತ್ತೇವೆ. ಎಡಗೈಗೆ ವಾದ್ಯ ಹೊರುವ ಕೆಲಸ ಇಲ್ಲ, ಸ್ವರವನ್ನು ಅಲ್ಲಾಡಿಸುವ ಗಮಕಕ್ಕೆ ಬೇಕಾದಷ್ಟು ಜಾರಬಹುದು. ಕುರ್ಚಿಗೆ ಬಂದು, ಗಲ್ಲದ ಕೆಳಗೆ ವಿಯೋಲಾ ಇಟ್ಟುಕೊಂಡ ಮೇಲೂ ಬೆರಳು ಆ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ಭಾನುವಾರ ಟೀಚರ್ ಕಮಾನು ಇಳಿಸಿ ಕೇಳಿದರು: "ನಿನ್ನ ಸಿ ಎಲ್ಲಿದೆ ಅಂತಲೇ ಗೊತ್ತಾಗದಿದ್ದರೆ ನಾನು ನನ್ನದನ್ನು ಎಲ್ಲಿ ಇಡಲಿ?"

ಹೈಡನ್ ಈ ಎರಡನೇ ಭಾಗವನ್ನು ಕಟ್ಟಿರುವುದೇ ಹಾಗೆ. ಮಟ್ಟು ಒಂದಿಷ್ಟೂ ಬದಲಾಗುವುದಿಲ್ಲ, ನುಡಿಸುವವರು ಮಾತ್ರ ಬದಲಾಗುತ್ತಾರೆ. ಮೊದಲ ಪಿಟೀಲು ನುಡಿಸಿ ಎರಡನೆಯದಕ್ಕೆ ಕೊಡುತ್ತದೆ. ಆಗ ಅದರ ಸುತ್ತ ಮೊದಲ ಪಿಟೀಲು ಸಣ್ಣ ಸ್ವರಗಳಲ್ಲಿ ಓಡಾಡುತ್ತದೆ, ನಾನೂ ಚೆಲ್ಲೋ ಹುಡುಗನೂ ಸುಮ್ನೆ ಕೂತಿರುತ್ತೇವೆ. ಆಮೇಲೆ ಚೆಲ್ಲೋ, ಆಮೇಲೆ ನಾನು, ಕೊನೆಗೆ ಮತ್ತೆ ಮೊದಲ ಪಿಟೀಲು. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನಮ್ಮ ಸಂಗತಿಗಳಲ್ಲಿ ಸಾಲೇ ಬೆಳೆಯುತ್ತಾ ಹೋಗುತ್ತದೆ, ಅಲ್ವಾ? ಇಲ್ಲಿ ಸಾಲು ಕಂಬದ ಹಾಗೆ ನಿಂತಿರುತ್ತದೆ, ಬೆಳೆಯುವುದು ಸುತ್ತಲಿನದು. ಕಂಬ ಅಲ್ಲಾಡಿದರೆ ಮೂವರೂ ದಿಕ್ಕು ತಪ್ಪುತ್ತಾರೆ.

ಮೈಸೂರಿನ ನಮ್ಮ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಅವರ ಪ್ರಶ್ನೆ ಬೇರೆಯೇ ಇತ್ತು: "ತಂಬೂರಿ ಇಲ್ವಲ್ಲಮ್ಮ, ಶ್ರುತಿ ಯಾರ ಹತ್ತಿರ ಇರುತ್ತೆ ನಿಮ್ಮಲ್ಲಿ?" ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರು ತಿಂಗಳು ನಾವು ಜಾಸ್ತಿ ಮಾಡಿದ್ದು ಶ್ರುತಿಯ ಕೆಲಸವೇ. ಚೆಲ್ಲೋ ಒಂದು ಜಿ ಹಿಡಿಯುತ್ತಾನೆ. ಅದರ ಮೇಲೆ ಒಬ್ಬರು ಡಿ, ಒಬ್ಬರು ಬಿ. ಕಂಪನ ಇಲ್ಲದೆ, ಉಸಿರು ಇರುವಷ್ಟು ಹೊತ್ತು. ಆ ಬಿ ಅಂದರೆ ನಮ್ಮ ಅಂತರ ಗಾಂಧಾರ, ಶಂಕರಾಭರಣದ ಗ. ಪಿಯಾನೋದ ಬಿಗಿಂತ ಅದು ತುಸು ಕೆಳಗೆ ಕೂರಬೇಕು, ಆಗಲೇ ಮೂರೂ ಸೇರಿ ಒಂದೇ ನಾದ ಆಗುತ್ತದೆ. ಇದು ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಒಳ್ಳೆಯ ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗೇ ಕೇಳುವ ಗಾಂಧಾರ ಅದೇ.

ಪಂಚಮದ, ಅಂದರೆ ಪಕ್ಕಪಕ್ಕದ ತಂತಿಗಳ ನಡುವಿನ ಸ-ಪ ಅಂತರದ ವಿಷಯದಲ್ಲಿ ಕಿವಿ ತುಂಬಾ ಹಟ ಹಿಡಿಯಿತು. ನಾಲ್ಕೂ ವಾದ್ಯಗಳ ತಂತಿಗಳನ್ನು ಪೂರ್ತಿ ಶುದ್ಧ ಪಂಚಮದಲ್ಲಿ ಕೂರಿಸಿದರೆ, ಚೆಲ್ಲೋದ ಕೆಳಗಿನ ಸಿ ತಂತಿಗೆ ಪಿಟೀಲಿನ ಮೇಲಿನ ಇ ತಂತಿ ಹೊಂದುವುದಿಲ್ಲ, ಏರಿ ಕೂಗುತ್ತದೆ. ಅದಕ್ಕೆ ಪ್ರತಿ ಪಂಚಮವನ್ನೂ ಕೂದಲೆಳೆಯಷ್ಟು ಕಿರಿದು ಮಾಡುತ್ತೇವೆ. ಬೇಕೆಂದೇ ಪಂಚಮ ಕಿರಿದು ಮಾಡಲು ನನಗೆ ವಾರಗಳೇ ಹಿಡಿದವು.

ಕಛೇರಿಯ ಹಿಂದಿನ ದಿನ ವಿಯೆನ್ನಾದಲ್ಲೇ ಇರುವ ಗುಂಪೆನ್‌ಡಾರ್ಫ್‌ನ ಹೈಡನ್ ಮನೆಗೆ ಹೋಗಿ ಬಂದೆ. ಈಗ ಅದು ಮ್ಯೂಸಿಯಂ. 1809ರ ಮೇ ತಿಂಗಳಲ್ಲಿ ಊರು ನೆಪೋಲಿಯನ್ ಸೇನೆಯ ಕೈಯಲ್ಲಿತ್ತು. ಸಾಯುವ ಕೆಲವೇ ದಿನ ಮೊದಲು 77ರ ಹೈಡನ್ ಇದೇ ಮಟ್ಟನ್ನು ಪಿಯಾನೋ ಮೇಲೆ ನುಡಿಸಿದ್ದು ಆ ಮನೆಯಲ್ಲೇ. ನಿತ್ರಾಣದ ಬೆರಳುಗಳಲ್ಲಿ ಆ ಸಾಲು ಎಷ್ಟು ಬಿಡಿಬಿಡಿಯಾಗಿ, ನೇರವಾಗಿ ಬಂದಿರಬೇಕು ಅಂತ ಅಲ್ಲಿ ನಿಂತು ಯೋಚಿಸಿದೆ.

ಮರುದಿನ ಹಾಲ್‌ನಲ್ಲಿ ಹೀಟರ್ ಜೋರಾಗಿತ್ತು. ಒಣ ಗಾಳಿಗೆ ಬಿರಡೆಯ ಮರ ಕುಗ್ಗುತ್ತದೆ. ಮೊದಲ ಭಾಗ ಮುಗಿಯುವಾಗ ನನ್ನ ಡಿ ತಂತಿ ಇಳಿದಿತ್ತು. ಮಟ್ಟಿನ ಮೊದಲ ಸ್ವರ ಇರುವುದೇ ಆ ತಂತಿಯ ಮೇಲೆ, ಮೂರನೇ ಬೆರಳಿಗೆ. ನಮ್ಮ ಕಛೇರಿಗಳಲ್ಲಿ ನಡುವೆ ಶ್ರುತಿ ಸರಿಮಾಡಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಹಾಲ್ ಪೂರ್ತಿ ಮೌನ. ಚೆಲ್ಲೋ ಹುಡುಗ ನನ್ನ ಮುಖ ನೋಡಿದ. ತನ್ನ ಡಿ ತಂತಿಯ ಮೇಲೆ ಕಮಾನನ್ನು ಮೆಲ್ಲಗೆ ಎಳೆದು ಹಿಡಿದುಕೊಂಡ. ನಾನು ಬಿರಡೆಯನ್ನು ಒಳಕ್ಕೆ ಒತ್ತಿ ತಿರುಗಿಸಿದೆ. ತಂತಿ ನಿಂತಿತು.

ನನ್ನ ಸರದಿ ಬಂದಾಗ ಮೊದಲ ಸಲದ ಮ ಅಲ್ಲಾಡಲಿಲ್ಲ. ಅದರ ಮೇಲೆ ಟೀಚರ್‌ನ ಪಿಟೀಲು ಬಂದು ಕೂತದ್ದು ನನ್ನ ದವಡೆಯ ಮೂಳೆಗೆ ತಿಳಿಯಿತು. ಎರಡನೇ ಸಲ ಸ್ವಲ್ಪ ಜಾರಿತು.

ರೆಕಾರ್ಡಿಂಗನ್ನು ಮೇಷ್ಟ್ರಿಗೆ ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಬಂತು. "ಕೊನೇಲಿ ಪಿಟೀಲು ಅಷ್ಟು ಮೇಲಕ್ಕೆ ಹೋಗುತ್ತಲ್ಲಮ್ಮ, ಆಗ ಕೆಳಗೆ ಷಡ್ಜ ಹಿಡಿದುಕೊಂಡು ಕೂತಿದ್ದು ಯಾರು?"

"ಚೆಲ್ಲೋ ಹುಡುಗ, ಮೇಷ್ಟ್ರೇ."