ಸುಣ್ಣದ ತಿಳಿ ಮೇಲೆ ಕೆನೆ ಕಟ್ಟಿಸಿ ನೋಡಿ

ಎಲೆ ಅಡಿಕೆ ಹಾಕೋರ ಮನೆಯ ಸುಣ್ಣದ ಡಬ್ಬಿ ನೋಡಿದ್ದೀರಲ್ವಾ? ಮುಚ್ಚಳ ಸರಿಯಾಗಿ ಹಾಕದಿದ್ದರೆ ಮೇಲೆ ಗಟ್ಟಿ ಪದರ ಕಟ್ಟಿರುತ್ತದೆ. ಅದು ಸುಮ್ನೆ ಒಣಗಿದ್ದಲ್ಲ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಸುಣ್ಣದ ಕಲ್ಲೇ ಆಗಿಬಿಟ್ಟಿದೆ. ನೀರಿನ ಮೇಲ್ಮೈಗೆ ಬಂದ ಅನಿಲ ಏನಾಗುತ್ತದೆ ಅನ್ನೋದು ಆ ನೀರಲ್ಲಿ ಏನು ಕರಗಿದೆ ಅನ್ನೋದರ ಮೇಲೆ ನಿಂತಿದೆ. ಮೂರು ಗಾಜಿನ ಲೋಟ ಇದ್ದರೆ ಮನೆಯಲ್ಲೇ ನೋಡಬಹುದು.

ಮೊದಲು ಸುಣ್ಣದ ತಿಳಿ, ಅಂದರೆ ಸುಣ್ಣ ಕರಗಿದ ತಿಳಿನೀರು, ಮಾಡಿಕೊಳ್ಳಿ. ಒಂದು ಲೀಟರ್ ಬಾಟಲಿಗೆ ಕುದಿಸಿ ಆರಿಸಿದ ನೀರು ಕತ್ತಿನ ತನಕ ತುಂಬಿ, ಒಂದು ಚಮಚ ಎಲೆ ಸುಣ್ಣ ಹಾಕಿ, ಮುಚ್ಚಿ ಚೆನ್ನಾಗಿ ಕುಲುಕಿ. ಅಷ್ಟೂ ಕರಗುವುದಿಲ್ಲ; ಲೀಟರಿಗೆ ಕರಗುವುದು ಸುಮಾರು 1.7 ಗ್ರಾಂ ಮಾತ್ರ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ. ನಾನು ಮೊದಲ ಸಲ ಬೋರ್‌ವೆಲ್ ನೀರನ್ನು ಹಾಗೇ ಹಾಕಿ, ಸುಣ್ಣ ಬಿದ್ದ ತಕ್ಷಣ ನೀರೆಲ್ಲ ಹಾಲಾಗಿ, ಸುಣ್ಣವೇ ಕೆಟ್ಟಿದೆ ಅಂದುಕೊಂಡು ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿದ್ದೆ. ತಪ್ಪು ಗಡಸು ನೀರಿನದ್ದು. ಫಿಲ್ಟರ್ ನೀರಾದರೆ ಇನ್ನೂ ಒಳ್ಳೆಯದು. ಇದನ್ನು ಕುಡಿಯಬೇಡಿ, ಕಣ್ಣಿಗಂತೂ ತಾಕಲೇಬಾರದು, ಸುಡುತ್ತದೆ.

ಒಂದು ಲೋಟಕ್ಕೆ ಬರೀ ಉಪ್ಪು ನೀರು. ಎರಡನೆಯದಕ್ಕೆ ಸುಣ್ಣದ ತಿಳಿ. ಮೂರನೆಯದಕ್ಕೂ ತಿಳಿಯೇ, ಆದರೆ ಅದಕ್ಕೆ ಅರ್ಧ ಚಮಚ ಅಡುಗೆ ಸೋಡಾ ಕರಗಿಸಿದ ನೀರು ಸುರಿಯಿರಿ. ಮೂರನೆಯದು ಆ ಕ್ಷಣವೇ ತಳದಿಂದ ಮೇಲಿನ ತನಕ ಬೆಳ್ಳಗಾಗುತ್ತದೆ.

ಈಗ ಎರಡನೆಯದನ್ನು ಅಲುಗಾಡಿಸದೆ ಬಿಡಿ. ಕೆಲವು ಗಂಟೆಗಳಲ್ಲಿ ಹಾಲಿನ ಕೆನೆಗಿಂತ ತೆಳುವಾದ, ಬೆಳಕಿಗೆ ಹಿಡಿದರೆ ಮಿನುಗುವ ಪೊರೆ ಮೇಲೆ ಕಾಣುತ್ತದೆ. ಕೆಳಗಿನ ನೀರು ಮಾತ್ರ ಹಾಗೇ ತಿಳಿ! ಎರಡನೆಯ, ಮೂರನೆಯ ಲೋಟಗಳಲ್ಲಿ ಆಗಿದ್ದು ಒಂದೇ ವಸ್ತು, ಅದೇ ಸುಣ್ಣದ ಕಲ್ಲು. ಸೋಡಾ ನೀರೊಳಗೇ ಕರಗಿತ್ತು, ಹಾಗಾಗಿ ಎಲ್ಲೆಡೆ ಸುಣ್ಣವನ್ನು ಹಿಡಿಯಿತು. ಗಾಳಿಯಿಂದ ಬಂದ ಅನಿಲಕ್ಕೆ ಮೇಲ್ಮೈಯಲ್ಲೇ ಸುಣ್ಣ ಸಿಕ್ಕಿಬಿಟ್ಟಿತು, ಒಳಗೆ ಇಳಿಯುವ ಮಾತೇ ಇಲ್ಲ. ಉಪ್ಪು ನೀರಿಗೂ ಅದೇ ಅನಿಲ ಇಳಿಯುತ್ತಿದೆ, ಆದರೆ ಅಡುಗೆ ಉಪ್ಪು ಅದರ ಜೊತೆ ಸೇರುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗಂತ ಉಪ್ಪು ಸುಮ್ಮನೆ ಕೂತಿಲ್ಲ, ಅನಿಲಕ್ಕೆ ಜಾಗ ಕಮ್ಮಿ ಮಾಡುತ್ತದೆ: 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ಸಮುದ್ರದ ನೀರು ಹಿಡಿಯುವುದು 6.7ರ ಆಸುಪಾಸು.

ಪೊರೆಯನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಚೂರುಚೂರಾಗಿ ಮುಳುಗುತ್ತದೆ, ಆಮೇಲೆ ಹೊಸದು ಕಟ್ಟುತ್ತದೆ. ಮುಟ್ಟದೆ ಬಿಟ್ಟರೆ ಅದೇ ಮುಚ್ಚಳದಂತಾಗಿ ಕೆಲಸ ನಿಧಾನವಾಗುತ್ತದೆ. ಡಬ್ಬಿಯ ಸುಣ್ಣದ ಮೇಲೆ ಒಂದಿಷ್ಟು ನೀರು ನಿಲ್ಲಿಸಿಡುವುದೂ ಇದಕ್ಕೇ: ಪೊರೆ ಕಟ್ಟಿದರೆ ನೀರಿನ ಮೇಲೆ ಕಟ್ಟಲಿ, ಕೆಳಗಿನ ಸುಣ್ಣ ಬೆಣ್ಣೆಯ ಹಾಗೆ ಉಳಿಯುತ್ತದೆ.